ಮುಚ್ಚಿದ ಡಬ್ಬಿಯೇ ಗೆದ್ದಿತು: ಏರ್ ಇನ್‌ಟೇಕ್ ಆಯ್ಕೆಯಲ್ಲಿ ನನ್ನ ಅನುಭವ

ಕಾರಿನ ಇನ್‌ಟೇಕ್, ಅಂದರೆ ಎಂಜಿನ್ನಿಗೆ ಗಾಳಿ ತರುವ ಫಿಲ್ಟರು ಮತ್ತು ಪೈಪು, ಬದಲಿಸುತ್ತೇನೆ, ಆದರೆ ತೆರೆದ ಕೋನ್ ಫಿಲ್ಟರ್ ಹಾಕುವುದಿಲ್ಲ ಎಂದಾಗ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಅಷ್ಟು ಹಣ ಕೊಟ್ಟು ಮತ್ತೆ ಫಿಲ್ಟರನ್ನು ಮುಚ್ಚಿದ ಡಬ್ಬಿಯಲ್ಲೇ ಕೂರಿಸುವುದಾದರೆ ಕಂಪನಿಯ ಡಬ್ಬಿಗೇನು ಬಂದಿತ್ತು ಎಂದು ಕೇಳಿದರು. ಈಗ ಅದೇ 1.6 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ, ಟ್ಯೂನಿಂಗ್ ಇಲ್ಲ. ಮೂರನೇ ಗೇರಿನಲ್ಲಿ 40ರಿಂದ 100ಕ್ಕೆ ಏರಲು ಮೊದಲು ಹನ್ನೊಂದು ಸೆಕೆಂಡು ಬೇಕಿತ್ತು, ಈಗ 10.6ರ ಹತ್ತಿರ. ಕೇಳಿದವರಲ್ಲಿ ಇಬ್ಬರು ನನ್ನ ಅಳತೆಯ ಪಟ್ಟಿ ತೆಗೆದುಕೊಂಡು ಹೋಗಿದ್ದಾರೆ.

ದಾರಿಯಲ್ಲಿ ಹಣ ಹೋದದ್ದು ನಿಜ. ಮೊದಲ ಎರಡು ಕಿಟ್‌ಗಳಿಗೆ ಸುರಿದ ಮೊತ್ತದಲ್ಲಿ ಒಂದು ಜೋಡಿ ಒಳ್ಳೆಯ ಟೈರು ಬರುತ್ತಿತ್ತು, ಮಾರಿದಾಗ ಅರ್ಧವೂ ಕೈಗೆ ಬರಲಿಲ್ಲ.

ಮೊದಲನೆಯದು ಎಲ್ಲರೂ ಹಾಕುವ ಗಿಡ್ಡ ಪೈಪು, ಬಾನೆಟ್ ಒಳಗೇ ತೆರೆದ ಕೋನ್. ಸದ್ದು ಅದ್ಭುತವಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಓಬಿಡಿ ರೀಡರ್ (ಕಾರಿನ ಸೆನ್ಸರುಗಳ ಅಂಕಿ ಓದುವ ಸಾಧನ) ಹಾಕಿ ಒಳಬರುವ ಗಾಳಿಯ ತಾಪಮಾನ ನೋಡಿದರೆ ಹೊರಗೆ 30 ಡಿಗ್ರಿ ಇದ್ದಾಗ, ವಾಹನದಟ್ಟಣೆಯಲ್ಲಿ ನಿಂತಾಗ 60 ದಾಟುತ್ತಿತ್ತು. ಹೊರಟ ಮೇಲೂ ಅದು ಇಳಿಯಲು ಒಂದೆರಡು ಕಿಲೋಮೀಟರ್ ಓಡಬೇಕು. ನಿಧಾನದ ಓಟದಲ್ಲಿ ಹೊರಗಿಗಿಂತ 20 ಡಿಗ್ರಿ ಮೇಲೆಯೇ ನಿಲ್ಲುತ್ತಿತ್ತು. ಮೂರು ಡಿಗ್ರಿಗೆ ಶೇಕಡಾ ಒಂದರಂತೆ ಗಾಳಿಯ ಸಾಂದ್ರತೆ ಇಳಿಯುತ್ತದೆ. ಇಪ್ಪತ್ತು ಡಿಗ್ರಿಗೆ ಎಷ್ಟು ಎಂದು ನೀವೇ ಹಾಕಿಕೊಳ್ಳಿ. ಕಾರಿನ ಶಕ್ತಿ ಅಳೆಯುವ ಯಂತ್ರವಾದ ಡೈನೊದಲ್ಲಿ ಬಾನೆಟ್ ತೆಗೆದು, ಎದುರು ದೊಡ್ಡ ಫ್ಯಾನ್ ಇಟ್ಟು ತೆಗೆದ ಅಂಕಿಯಲ್ಲಿ ಈ ನಷ್ಟ ಕಾಣುವುದೇ ಇಲ್ಲ. ಬಾನೆಟ್ ಮುಚ್ಚಿ ಓಡಿಸಿ ಎಂದು ಕೇಳಿಕೊಂಡಾಗ ಡೈನೊದವರ ಮುಖ ಸಪ್ಪಗಾಯಿತು. ಮುಚ್ಚಿ ಓಡಿಸಿದಾಗ ಬಂದ ಗ್ರಾಫು ಕಂಪನಿಯ ಡಬ್ಬಿಯದಕ್ಕಿಂತ ಕೆಳಗಿತ್ತು.

ಎರಡನೆಯದು ಫೆಂಡರ್ ಒಳಗೆ ಇಳಿಯುವ ಉದ್ದ ಪೈಪು. ತಾಪಮಾನ ಚೆನ್ನಾಗಿಯೇ ಇತ್ತು, ಹೊರಗಿಗಿಂತ ಮೂರು ಡಿಗ್ರಿ ಹೆಚ್ಚು, ಅಷ್ಟೆ. ತೊಂದರೆ ಬೇರೆ ಕಡೆಯಿಂದ ಬಂತು. ಒಳಬರುವ ಗಾಳಿಯ ಪ್ರಮಾಣ ಅಳೆಯುವ ಎಂಎಎಫ್ ಸೆನ್ಸರ್ ಕೂರುವ ಜಾಗದ ಒಳವ್ಯಾಸ ಮೂಲದಲ್ಲಿ 70 ಮಿ.ಮೀ., ಕಿಟ್‌ನಲ್ಲಿ 76. ಆರು ಮಿ.ಮೀ. ತಾನೇ ಎಂದು ತಯಾರಕರ ಕಡೆಯವರು ಹೇಳಿದರು. ವಿಸ್ತೀರ್ಣದ ಲೆಕ್ಕದಲ್ಲಿ ಅದು ಶೇಕಡಾ 18 ಹೆಚ್ಚು. ಪೈಪು ಅಗಲವಾದಷ್ಟು ಸೆನ್ಸರಿನ ಮೇಲೆ ಗಾಳಿಯ ವೇಗ ಕಡಿಮೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಗಾಳಿಯೇ ಕಡಿಮೆ ಬಂತೆಂದು ತಿಳಿದು ಇಂಧನ ತಗ್ಗಿಸುತ್ತದೆ. ಆ ಕೊರತೆ ತುಂಬಲು ಇಸಿಯು ಇಂಧನವನ್ನು ಎಷ್ಟು ತಿದ್ದುತ್ತಿದೆ ಎಂದು ತೋರಿಸುವ ಲಾಂಗ್ ಟರ್ಮ್ ಟ್ರಿಮ್ ಮೇಲೇರುತ್ತಲೇ ಹೋಯಿತು, ಶೇಕಡಾ ಹದಿನೈದು ದಾಟಿತು, ಕೊನೆಗೆ ಇಂಧನ ಸಾಲದು ಎನ್ನುವ ಪಿ0171 ಕೋಡಿನೊಂದಿಗೆ ಎಂಜಿನ್ ದೀಪ ಹೊತ್ತಿಕೊಂಡಿತು. ಅದರ ಮೇಲೆ ಫಿಲ್ಟರ್ ಇರುವುದು ಚಕ್ರದ ಪಕ್ಕ, ನೆಲದಿಂದ ಒಂದು ಗೇಣು. ನಿಂತ ನೀರಿನಲ್ಲಿ ಅದು ಮುಳುಗಿದರೆ ಸಿಲಿಂಡರಿಗೆ ನೀರು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಳೆ ಶುರುವಾಗುವ ಮೊದಲೇ ಬಿಚ್ಚಿದೆ.

ಆಮೇಲೆ ಕಿಟ್ ನೋಡುವುದನ್ನೇ ನಿಲ್ಲಿಸಿ, ಗಾಳಿಯ ದಾರಿಯಲ್ಲಿ ಒತ್ತಡ ಎಲ್ಲಿ ಎಷ್ಟು ನಷ್ಟವಾಗುತ್ತದೆ ಎಂದು ಅಳೆಯಲು ಕೂತೆ. ಬೇಕಾದದ್ದು ಮೀನಿನ ತೊಟ್ಟಿಗೆ ಬಳಸುವ ಪಾರದರ್ಶಕ ನಳಿಕೆ, ಒಂದು ಉದ್ದದ ಹಲಗೆ, ಬಣ್ಣ ಹಾಕಿದ ನೀರು. ನಳಿಕೆಯನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಒಂದು ತುದಿಯನ್ನು ರಬ್ಬರ್ ಗ್ರಾಮೆಟ್ ಮೂಲಕ ಇನ್‌ಟೇಕ್ ಪೈಪಿಗೆ, ಇನ್ನೊಂದನ್ನು ಹಾಗೆಯೇ ಗಾಳಿಗೆ. ಎರಡು ಎಚ್ಚರಿಕೆ: ನಳಿಕೆಯ ತುದಿ ಪೈಪಿನ ಒಳಗೋಡೆಗೆ ಸಮನಾಗಿರಬೇಕು, ಒಳಗೆ ಚಾಚಬಾರದು, ಎಂಜಿನ್ನಿಗೂ ಹಲಗೆಗೂ ನಡುವೆ ಒಂದು ಖಾಲಿ ಬಾಟಲಿ ಇರಲಿ, ಇಲ್ಲದಿದ್ದರೆ ಆ ಬಣ್ಣದ ನೀರು ನೇರ ಎಂಜಿನ್ನಿಗೆ. ಎರಡನೇ ಗೇರು, ಪೂರ್ತಿ ಥ್ರಾಟಲ್, 6000 ಆರ್‌ಪಿಎಂ ತನಕ. ಪಕ್ಕದ ಸೀಟಿನಲ್ಲಿ ಕೂತ ಗೆಳೆಯ ಹಲಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ.

ಕಂಪನಿಯ ಸಾಮಾನಿನಲ್ಲಿ ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆದು ಬಿಡುವ ಕವಾಟ) ಮುಂದೆ ನಳಿಕೆಯ ಎರಡು ಬದಿಯ ನೀರಿನ ಮಟ್ಟದ ಅಂತರ ಸುಮಾರು 28 ಸೆಂ.ಮೀ. ಬಂತು. ಫಿಲ್ಟರಿನ ಹಿಂದೆಮುಂದೆ ಬೇರೆಬೇರೆಯಾಗಿ ನೋಡಿದಾಗ ನಿಜವಾದ ಕಳ್ಳ ಸಿಕ್ಕಿದ. ಇಪ್ಪತ್ತೆಂಟರಲ್ಲಿ ಕಾಗದದ ಫಿಲ್ಟರಿನ ಪಾಲು ಐದಾರು. ಗಾಳಿ ಒಳಬರುವ ಮೂತಿಯ ಪಾಲು ಹದಿನಾಲ್ಕು, ಉಳಿದದ್ದು ಫಿಲ್ಟರಿನ ಹಿಂದಿರುವ ಸುಕ್ಕು ಹೋಸಿನದು. ನಾವೆಲ್ಲ ಬದಲಿಸುವುದು ಫಿಲ್ಟರನ್ನು! ದುಬಾರಿ ಪ್ಯಾನಲ್ ಫಿಲ್ಟರ್ ಹಾಕಿ ನೋಡಿದೆ, ನಷ್ಟ ಇಳಿದದ್ದು ಎರಡೇ ಸೆಂ.ಮೀ. ವಾತಾವರಣದ ಒತ್ತಡವೆಂದರೆ 1030 ಸೆಂ.ಮೀ. ನೀರಿನ ಕಂಬ, ಅದರಲ್ಲಿ ಎರಡು ಏನೂ ಅಲ್ಲ. ನಂಬದವರಿಗಾಗಿ ಕಾಗದದ ಫಿಲ್ಟರಿನ ಅರ್ಧ ಭಾಗವನ್ನು ಟೇಪಿನಿಂದ ಮುಚ್ಚಿ ಓಡಿಸಿದೆ. ಫಿಲ್ಟರಿನ ಪಾಲು ಎರಡು ಪಟ್ಟಾಯಿತು, ಆದರೂ ಮೂತಿಯ ನಷ್ಟವನ್ನು ಮುಟ್ಟಲಿಲ್ಲ.

ಇದರಲ್ಲಿ ಇನ್ನೊಂದು ಲೆಕ್ಕವಿದೆ. ಇಪ್ಪತ್ತೆಂಟನ್ನು ಪೂರ್ತಿ ಸೊನ್ನೆ ಮಾಡಿದರೂ ಹೆಚ್ಚಿಗೆ ಸಿಗುವ ಗಾಳಿ ಶೇಕಡಾ 2.7. ಹತ್ತು ಡಿಗ್ರಿ ಬಿಸಿ ಅದನ್ನು ನುಂಗಿಹಾಕುತ್ತದೆ. ಆದ್ದರಿಂದ ತಂಪು ಮೊದಲು, ಹರಿವು ಆಮೇಲೆ ಎಂದು ನಿರ್ಧರಿಸಿದೆ, ಮೂರನೇ ಕಿಟ್ ಅನ್ನು ಆರಿಸಿದ್ದೂ ಹಾಗೆಯೇ: ಡಬ್ಬಿ ನಾಲ್ಕೂ ಕಡೆ ಮುಚ್ಚಿರಬೇಕು, ಬಾನೆಟ್‌ಗೆ ತಾಗುವ ರಬ್ಬರ್ ಅಂಚು ಬಿಗಿಯಾಗಿರಬೇಕು, ಎಂಎಎಫ್ ಜಾಗದ ಒಳವ್ಯಾಸ ಮೂಲದ್ದೇ ಇರಬೇಕು. ವರ್ನಿಯರ್ ಹಿಡಿದು ಅಳೆಯದೆ ಹಣ ಕೊಡಲಿಲ್ಲ. ಹೊಳೆಯುವ ಅಲ್ಯೂಮಿನಿಯಂ ಪೈಪಿನದು ಬಿಟ್ಟು ಪ್ಲಾಸ್ಟಿಕ್ ಪೈಪಿನದನ್ನು ತೆಗೆದುಕೊಂಡೆ, ಬೆಲೆಯೂ ಮೊದಲ ಎರಡಕ್ಕಿಂತ ಕಡಿಮೆ.

ಕಿಟ್ ಜೊತೆ ಬಂದ ಮೂತಿಯನ್ನು ಮಾತ್ರ ಎಸೆದೆ. ರೇಡಿಯೇಟರಿನ ಮೇಲಂಚಿನ ಮುಂದೆ, ಗ್ರಿಲ್‌ನ ಹಿಂದೆ ಬಾಯಿ ತೆರೆಯುವ ಹಾಗೆ ಬೇರೆ ನಾಳ ಮಾಡಿಸಿದೆ. ರೇಡಿಯೇಟರಿನ ಹಿಂದೆ ಒಂದು ಅಂಗುಲ ಹೋದರೂ ಬಿಸಿಗಾಳಿ. ಆ ಬಾಯಿಯ ಅಂಚನ್ನು ಕಹಳೆಯ ಹಾಗೆ ಹೊರಕ್ಕೆ ಉರುಟಾಗಿ ಮಡಿಸಿದ್ದಕ್ಕೇ ಎರಡು ಮೂರು ಸೆಂ.ಮೀ. ಉಳಿಯಿತು. ಉರುಟಿನ ತ್ರಿಜ್ಯ ಎಷ್ಟು, ಡಬ್ಬಿಯೊಳಗೆ ನಾಳ ಯಾವ ಕೋನದಲ್ಲಿ ತೆರೆಯುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಹಲವು ಭಾನುವಾರಗಳು ಹೋಗಿವೆ.

ಮುಂದಿನಿಂದ ಗಾಳಿ ನುಗ್ಗುವುದರಿಂದ ಒತ್ತಡ ಏರುತ್ತದೆ ಎಂಬ ಮಾತನ್ನೂ ಅದೇ ನಳಿಕೆಯಿಂದ ಪರೀಕ್ಷಿಸಿದೆ. 100 ಕಿ.ಮೀ. ವೇಗದಲ್ಲಿ ಗ್ರಿಲ್‌ನ ನಡುವೆ ನಾಲ್ಕು ಸೆಂ.ಮೀ. ಸಿಕ್ಕಿತು, ಬಂಪರಿನ ಮೂಲೆಯಲ್ಲಿ ಬಹುತೇಕ ಏನೂ ಇಲ್ಲ. ನಾಲ್ಕು ಎಂದರೆ ಶೇಕಡಾ ಅರ್ಧಕ್ಕಿಂತ ಕಡಿಮೆ. ಬರುವುದಾದರೆ ಬರಲಿ, ಅದಕ್ಕಾಗಿ ಬಂಪರ್ ಕೊಯ್ಯಬೇಡಿ.

ಫಿಲ್ಟರ್ ವಿಷಯದಲ್ಲಿ ಎಣ್ಣೆ ಹಚ್ಚುವ ಹತ್ತಿಯದನ್ನು ಕೈಬಿಟ್ಟೆ. ತೊಳೆದು ಎಣ್ಣೆ ಹಾಕುವಾಗ ಹೆಚ್ಚಾದರೆ ಅದು ಎಂಎಎಫ್ ತಂತಿಗೆ ಅಂಟಬಹುದು. ಫಿಲ್ಟರಿನ ಹಿಂದೆ ಪೈಪಿನ ಒಳಗೋಡೆಗೆ ತೆಳುವಾಗಿ ಗ್ರೀಸ್ ಸವರಿ, ಸಾವಿರ ಕಿ.ಮೀ. ಆದ ಮೇಲೆ ಬಿಳಿ ಬಟ್ಟೆಯಿಂದ ಒರೆಸಿದೆ. ಹತ್ತಿಯ ಫಿಲ್ಟರ್ ಇದ್ದಾಗ ಬಟ್ಟೆಯ ಮೇಲೆ ಬೂದುಬಣ್ಣದ ಗೆರೆ, ಬೆರಳಲ್ಲಿ ತಿಕ್ಕಿದರೆ ಸಣ್ಣ ಮರಳಿನ ಕರಕರ. ಒಣ ಸಿಂಥೆಟಿಕ್ ಫಿಲ್ಟರಿಗೆ ಬಟ್ಟೆ ಗ್ರೀಸ್ ಬಣ್ಣದಲ್ಲೇ ಬಂತು. ಕೊಳ್ಳುವ ಮೊದಲು ಐಎಸ್‌ಒ 5011 ಪರೀಕ್ಷೆಯ (ಫಿಲ್ಟರ್ ಎಷ್ಟು ಧೂಳು ತಡೆಯುತ್ತದೆ ಎಂದು ನೋಡುವ ಪರೀಕ್ಷೆ) ಅಂಕಿ ಕೇಳಿ. ಕೊಡದವರ ಫಿಲ್ಟರ್ ನನ್ನ ಎಂಜಿನ್ನಿಗೆ ಬೇಡ.

ಈಗಿನ ಲೆಕ್ಕ: ಥ್ರಾಟಲ್ ಮುಂದೆ ನಷ್ಟ ಹನ್ನೊಂದು ಸೆಂ.ಮೀ. ಆಸುಪಾಸು, ಓಡುವಾಗ ತಾಪಮಾನ ಹೊರಗಿಗಿಂತ ಮೂರ್ನಾಲ್ಕು ಡಿಗ್ರಿ ಹೆಚ್ಚು (ಕಂಪನಿಯದಕ್ಕೆ ಏಳೆಂಟು ಇತ್ತು), ಟ್ರಿಮ್ ಮೂರರ ಒಳಗೆ. ಒಟ್ಟು ಲಾಭ ಶೇಕಡಾ ಮೂರು. ಕಿಟ್‌ಗಳ ಪೆಟ್ಟಿಗೆಯ ಮೇಲೆ ಹದಿನೈದು ಹಾರ್ಸ್‌ಪವರ್ ಎಂದು ಬರೆದಿರುತ್ತಾರೆ. ಟರ್ಬೊ ಇಲ್ಲದ, ಟ್ಯೂನ್ ಮಾಡದ ಈ ಗಾತ್ರದ ಎಂಜಿನ್ನಿನಲ್ಲಿ ಅದು ಸಾಧ್ಯವಿಲ್ಲ. ನನ್ನ ಮೂರು ಮಾತ್ರ ಬಾನೆಟ್ ಮುಚ್ಚಿದಾಗಲೂ ಇರುತ್ತದೆ. ಟರ್ಬೊ ಕಾರುಗಳ ಲೆಕ್ಕ ಬೇರೆ, ಅಲ್ಲಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದೆ, ಅದನ್ನು ನಾನು ಅಳೆದಿಲ್ಲ.

ಇನ್ನು ಉಳಿದಿರುವುದು ಫಿಲ್ಟರಿನ ಹಿಂದಿನ ಹೋಸಿನ ನಷ್ಟ. ಒಳಗೋಡೆ ನುಣುಪಾದ ಸಿಲಿಕೋನ್ ಹೋಸ್ ತಂದಿಟ್ಟಿದ್ದೇನೆ. ಎಂಜಿನ್ ಅಲುಗಿದಾಗ ಅದು ಸುಕ್ಕು ಹೋಸಿನಷ್ಟು ಬಗ್ಗುವುದಿಲ್ಲ, ಕ್ಲಾಂಪ್ ಬಳಿ ಜಾರುತ್ತಿದೆ. ಜಾರದಂತೆ ಕೂರಿಸಿದ ದಿನ ಹಲಗೆ ಮತ್ತೆ ಕಾರಿಗೆ ಏರುತ್ತದೆ.