ರಟ್ಟಿನ ಸಾಫ್ಟ್‌ಬಾಕ್ಸ್‌ಗೆ ಒಳಗೂ ಒಂದು ಪದರ ಇರಲಿ

ರಟ್ಟಿನ ಡಬ್ಬದಿಂದ ಸಾಫ್ಟ್‌ಬಾಕ್ಸ್ (ಫೋಟೋಗೆ ಬಳಸುವ ಫ್ಲ್ಯಾಶ್‌ನ ಬೆಳಕನ್ನು ಬಿಳಿ ಬಟ್ಟೆಯ ಮೂಲಕ ಹರಡಿ ಮೃದುವಾಗಿಸುವ ಡಬ್ಬ) ಮಾಡಿಕೊಂಡವರು ಒಳಗೆ, ಫ್ಲ್ಯಾಶ್‌ಗೂ ಮುಂದಿನ ಬಿಳಿ ಬಟ್ಟೆಗೂ ನಡುವೆ, ಅಂಗೈ ಅಗಲದ ಬಟರ್ ಪೇಪರ್ ತುಂಡೊಂದನ್ನು ದಾರದಿಂದ ಕಟ್ಟಿ ನೋಡಿ. ಬಟ್ಟೆಯ ಎಷ್ಟು ಭಾಗ ಬೆಳಗುತ್ತದೋ ನೆರಳು ಅಷ್ಟು ಮೃದು. ಒಂದೇ ಪದರ ಇದ್ದರೆ ನಡುಭಾಗ ಮಾತ್ರ ಜಾಸ್ತಿ ಹೊಳೆದು ಅಂಚು ಮಂಕಾಗಿರುತ್ತದೆ. ಒಳಪದರ ಆ ಬೆಳಕನ್ನು ಅಂಚಿನವರೆಗೂ ಹರಡುತ್ತದೆ. ಅನುಮಾನ ಇದ್ದರೆ ಫೋಟೋದಲ್ಲಿ ಕಣ್ಣನ್ನು ಝೂಮ್ ಮಾಡಿ: ಅಲ್ಲಿನ ಹೊಳಪು ಬರೀ ಚುಕ್ಕೆಯಾಗಿದ್ದರೆ ಬೆಳಕು ಹರಡಿಲ್ಲ, ಪೂರ್ತಿ ಚೌಕ ಕಂಡರೆ ಸರಿಯಾಗಿದೆ. ಒಳಪದರದಿಂದ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಫ್ಲ್ಯಾಶ್ ಪವರ್ ಏರಿಸಿಕೊಳ್ಳಿ. ಡಬ್ಬ ಮುಖದಿಂದ ದೂರ ಹೋದಷ್ಟೂ ಇದರ ಲಾಭ ಕಡಿಮೆ. 2-3 ಅಡಿಯೊಳಗೇ ಇಡಿ. ಹ್ಯಾಲೊಜನ್ ಬಲ್ಬ್ ಬಳಸೋರು ಮಾತ್ರ ದಯವಿಟ್ಟು ಇದನ್ನು ಮಾಡಬೇಡಿ, ಆ ಬಿಸಿಗೆ ಪೇಪರ್, ರಟ್ಟು ಎರಡೂ ಹೊತ್ತಿಕೊಳ್ಳಬಹುದು.