ಬೇಗ ಹುಟ್ಟಿದ ಮಗುವಿನ ಕಣ್ಣು: 30 ದಿನದೊಳಗೆ ಮಾಡಬೇಕಾದ್ದು

ಎಂಟನೇ ತಿಂಗಳಿಗೇ ಹುಟ್ಟಿ ಪೆಟ್ಟಿಗೆಯಲ್ಲಿದ್ದ ಮಗು ತೂಕ ಕೂಡಿ ಮನೆಗೆ ಬಂದಿದೆ. ಹಾಲು ಕುಡಿಯುತ್ತದೆ, ಕಣ್ಣು ಪಿಳಿಪಿಳಿ ಬಿಡುತ್ತದೆ. ಆದರೂ ಅದರ ಅಕ್ಷಿಪಟಲದ, ಅಂದರೆ ಕಣ್ಣಿನೊಳಗೆ ಹಿಂಬದಿಯಲ್ಲಿರುವ ಪರದೆಯ (ರೆಟಿನಾ) ತಪಾಸಣೆ ಆಗಲೇಬೇಕು. ಬೇಗ ಹುಟ್ಟಿದ ಮಕ್ಕಳ ಅಕ್ಷಿಪಟಲಕ್ಕೆ ಬರುವ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ) ಎಂಬ ತೊಂದರೆ ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಪಾಪೆ ಬೆಳ್ಳಗೆ ಕಾಣುವ ಹೊತ್ತಿಗೆ ಬಹುಮಟ್ಟಿಗೆ ಕೈಮೀರಿರುತ್ತದೆ.

ಅಕ್ಷಿಪಟಲದಲ್ಲಿ ರಕ್ತನಾಳಗಳು ಚಿಗುರುವುದು ಗರ್ಭದ 16ನೇ ವಾರದ ಸುಮಾರಿಗೆ. ಅವು ಅಂಚಿನವರೆಗೆ ಹಬ್ಬಲು ಒಂಬತ್ತು ತಿಂಗಳೂ ಬೇಕು. ಮಗು ಮೊದಲೇ ಹುಟ್ಟಿದರೆ ಈ ಕೆಲಸ ನಡುವೆ ನಿಂತು, ಆಮೇಲೆ ಬೇಡದ ನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಅವು ಅಕ್ಷಿಪಟಲವನ್ನೇ ಎಳೆದು ಬಿಡಿಸಿಬಿಟ್ಟರೆ ಕುರುಡುತನ. ಆಮ್ಲಜನಕ ಹೆಚ್ಚಾದರೂ ಅಪಾಯ ಹೆಚ್ಚು. ಹಾಗೆಂದು ಆಸ್ಪತ್ರೆಯವರು ಆಮ್ಲಜನಕ ಕೊಟ್ಟಿದ್ದೇ ತಪ್ಪು ಎನ್ನಬೇಡಿ, ಅದಿಲ್ಲದೆ ಎಷ್ಟೋ ಮಕ್ಕಳು ಉಳಿಯುವುದೇ ಇಲ್ಲ.

ಮೊದಲು ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಹುಟ್ಟಿದಾಗಿನ ತೂಕ 2 ಕೆ.ಜಿ.ಗಿಂತ ಕಡಿಮೆಯೇ? 34 ವಾರ ತುಂಬುವ ಮೊದಲೇ ಹೆರಿಗೆಯಾಯಿತೇ? ಎರಡರಲ್ಲಿ ಒಂದು ಹೌದಾದರೂ ತಪಾಸಣೆ ಬೇಕು. 34ರಿಂದ 36 ವಾರದ ಮಗುವಿಗೆ ನಂಜು, ಉಸಿರಾಟದ ತೊಂದರೆ ಆಗಿದ್ದರೆ, ರಕ್ತ ಕೊಟ್ಟಿದ್ದರೆ, ಅದಕ್ಕೂ ಬೇಕು.

ಆಮೇಲೆ ದಿನ ಎಣಿಸಿ, ಮೊದಲ ತಪಾಸಣೆ 30 ದಿನದೊಳಗೆ ಆಗಬೇಕು. ಎಣಿಸುವುದು ಹುಟ್ಟಿದ ದಿನದಿಂದ, ಮನೆಗೆ ಬಂದ ದಿನದಿಂದಲ್ಲ. ಜೂನ್ 3ಕ್ಕೆ ಹುಟ್ಟಿ 24ಕ್ಕೆ ಮನೆಗೆ ಬಂದ ಮಗುವಿಗೆ ಉಳಿದಿರುವುದು ಒಂಬತ್ತೇ ದಿನ. 28 ವಾರಕ್ಕಿಂತ ಮೊದಲು ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಹಗುರವಿದ್ದರೆ ಎರಡು-ಮೂರು ವಾರದಲ್ಲೇ ತೋರಿಸಬೇಕು. ನಮ್ಮಲ್ಲಿ ಎಡವಟ್ಟಾಗುವುದು ಇಲ್ಲಿಯೇ: ಬಾಣಂತಿ, ಹಸುಗೂಸು ಹೊಸ್ತಿಲು ದಾಟಬಾರದು ಎಂದು ಅಜ್ಜಿ ತಡೆಯುತ್ತಾರೆ. ಮಗುವನ್ನು ಬೆಚ್ಚಗೆ ಸುತ್ತಿಕೊಂಡು ಹೊರಡಿ. ಅಜ್ಜಿಯನ್ನೂ ಕರೆದೊಯ್ದರೆ ಇನ್ನೂ ಒಳ್ಳೆಯದು.

ಎಲ್ಲಿಗೆ ಹೋಗಬೇಕೆಂದು ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಕೇಳಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾ ಹಿಡಿದು ಜಿಲ್ಲೆಗಳಿಗೆ ಬಂದು, ಚಿತ್ರ ತೆಗೆದು ಇಂಟರ್ನೆಟ್ ಮೂಲಕ ತಜ್ಞರಿಗೆ ಕಳಿಸುತ್ತಾರೆ.

ತಪಾಸಣೆಗೆ ಸುಮಾರು ಒಂದು ಗಂಟೆ ಮೊದಲು ಹಾಲು ನಿಲ್ಲಿಸಲು ಹೇಳುತ್ತಾರೆ, ಇಲ್ಲವಾದರೆ ಅಳುವಾಗ ಮಗು ಕಕ್ಕಬಹುದು. ಪಾಪೆ ಹಿಗ್ಗಲು ಕೆಲವು ನಿಮಿಷಕ್ಕೊಮ್ಮೆ ಹನಿ ಹಾಕುತ್ತಾರೆ. ಕೈಕಾಲು ಸೇರಿಸಿ ಬಟ್ಟೆ ಸುತ್ತಿ, ರೆಪ್ಪೆಗಳ ನಡುವೆ ಸಣ್ಣ ತಂತಿಯ ಕ್ಲಿಪ್ ಇಡುತ್ತಾರೆ. ನೋಡಲು ಕರುಳು ಚುರ್ ಎನ್ನುತ್ತದೆ, ಆದರೆ ಕೆಲವೇ ನಿಮಿಷದ ಕೆಲಸ. ಆಮೇಲೆ ಕಣ್ಣು ಸ್ವಲ್ಪ ಕೆಂಪಾದರೆ ಹರಳೆಣ್ಣೆ, ಎದೆಹಾಲು, ಕಾಡಿಗೆ ಏನನ್ನೂ ಹಾಕಬೇಡಿ.

‘ಸದ್ಯಕ್ಕೆ ಏನಿಲ್ಲ, ಮುಂದಿನ ವಾರ ಬನ್ನಿ’ ಎಂದರೆ ಹೋಗಲೇಬೇಕು. ರಕ್ತನಾಳ ಅಂಚು ಮುಟ್ಟುವವರೆಗೂ ಈ ಓಡಾಟ ತಪ್ಪದು. ತವರಿಗೆ ಹೊರಟಿದ್ದರೆ ಫೈಲು ಜೊತೆಗಿರಲಿ, ಅಲ್ಲಿ ಯಾರಿಗೆ ತೋರಿಸಬೇಕೆಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಎಲ್ಲ ಮಕ್ಕಳಿಗೂ ಚಿಕಿತ್ಸೆ ಬೇಕಾಗುವುದಿಲ್ಲ, ಸೌಮ್ಯ ಹಂತದ್ದು ಹಲವರಲ್ಲಿ ತಾನಾಗಿ ಇಳಿಯುತ್ತದೆ. ಲೇಸರ್ ಅಥವಾ ಕಣ್ಣಿಗೆ ಚುಚ್ಚುಮದ್ದು ಬೇಕೆಂದರೆ ಮಾತ್ರ ಎರಡು-ಮೂರು ದಿನದೊಳಗೆ ಮಾಡಿಸಿ. ಅಮಾವಾಸ್ಯೆ ಕಳೆಯಲಿ ಎನ್ನಬೇಡಿ. ಚುಚ್ಚುಮದ್ದು ಕೊಡಿಸಿದ್ದರೆ ರೋಗ ಮತ್ತೆ ಮರುಕಳಿಸಬಹುದು, ಹಾಗಾಗಿ ಇನ್ನೂ ಹೆಚ್ಚು ದಿನ ತೋರಿಸುತ್ತಿರಬೇಕು. ಮೆಳ್ಳೆಗಣ್ಣು, ದೂರದ್ದು ಕಾಣದಿರುವುದು ಈ ಮಕ್ಕಳಲ್ಲಿ ಹೆಚ್ಚು. ಅದಕ್ಕೇ ವರ್ಷ ತುಂಬಿದ ಮೇಲೂ ಶಾಲೆಗೆ ಸೇರುವವರೆಗೆ ಆಗಾಗ ಕಣ್ಣಿನ ಡಾಕ್ಟರ ಬಳಿ ಹೋಗುತ್ತಿರಿ.