ಎಲ್‌ಎನ್‌ಜಿ ಲೈನಲ್ಲಿ ಪ್ರೆಶರ್ ಏರಿಳಿತ ನಿಂತಿದ್ದು ಹಿಂಗೆ (ನನ್ನ ಅನುಭವ)

ತುಮಕೂರಿನ ವಸಂತನರಸಾಪುರದ ಒಂದು ಫ್ಯಾಕ್ಟ್ರೀಲಿ ಎಲ್‌ಎನ್‌ಜಿ (ತಣ್ಣಗೆ ಮಾಡಿ ದ್ರವವಾಗಿಸಿದ ನೈಸರ್ಗಿಕ ಅನಿಲ) ಟ್ಯಾಂಕಿಂದ ಬಂದ ಲಿಕ್ವಿಡ್ಡು ವೇಪೊರೈಸರಲ್ಲಿ ಗ್ಯಾಸಾಗಿ, ಕಂಟ್ರೋಲ್ ವಾಲ್ವ್ (ಕಂಟ್ರೋಲರ್ ಹೇಳಿದಷ್ಟು ತೆರೆಯೋ ವಾಲ್ವ್) ದಾಟಿ ಬಾಯ್ಲರಿಗೆ ಹೋಗುತ್ತೆ. ಸೆಟ್ ಪಾಯಿಂಟ್ (ಇರಬೇಕಾದ ಪ್ರೆಶರ್) 4 ಬಾರ್, ಆದ್ರೆ ಪ್ರೆಶರ್ 3.7ರಿಂದ 4.3ರವರೆಗೆ ಒಂದೇ ಸಮ ಓಲಾಡ್ತಿತ್ತು, ಬರ್ನರ್ ಟ್ರಿಪ್ ಆಗ್ತಿತ್ತು.

ಟ್ರಾನ್ಸ್‌ಮಿಟರ್ (ಪ್ರೆಶರ್ ಅಳೆದು ಕಂಟ್ರೋಲರಿಗೆ ಕಳಿಸೋದು) ಬದಲಾಯಿಸಿದ್ವಿ, ಏರ್ ಫಿಲ್ಟರ್ ಕ್ಲೀನ್ ಮಾಡಿದ್ವಿ, ಉಪಯೋಗ ಇಲ್ಲ. ಕಂಟ್ರೋಲರಿನ ಗೇನ್ (ಎಷ್ಟು ಜೋರಾಗಿ ಸ್ಪಂದಿಸಬೇಕು ಅನ್ನೋ ಸೆಟ್ಟಿಂಗ್) ಕಮ್ಮಿ ಮಾಡಿದ್ರೆ ಓಲಾಟ ನಿಧಾನ ಆಯ್ತೇ ಹೊರತು ನಿಲ್ಲಲಿಲ್ಲ.

ಟ್ರೆಂಡ್ ಗ್ರಾಫ್ ನೋಡಿದ್ರೆ ಕಂಟ್ರೋಲರ್ ಔಟ್‌ಪುಟ್ ತ್ರಿಕೋನದ ಆಕಾರ, ಪ್ರೆಶರ್ ಚೌಕದ ಆಕಾರ, ಇದು ವಾಲ್ವ್ ಅಂಟ್ಕೊಳ್ಳೋ ಲಕ್ಷಣ. ಕಂಟ್ರೋಲರ್‌ನ ಮ್ಯಾನುಯಲ್ ಮೋಡಿಗೆ (ಕೈಯಿಂದ ನಡೆಸೋದು) ಹಾಕಿದ ತಕ್ಷಣ ಓಲಾಟ ನಿಂತೋಯ್ತು, ಅಂದ್ರೆ ತೊಂದರೆ ಸಪ್ಲೈದಲ್ಲ, ಲೂಪಿಂದು (ಟ್ರಾನ್ಸ್‌ಮಿಟರ್, ಕಂಟ್ರೋಲರ್, ವಾಲ್ವ್ ಸೇರಿದ್ದು). ಆಮೇಲೆ ಔಟ್‌ಪುಟ್‌ನ 0.5 ಪರ್ಸೆಂಟ್‌ನಂಗೆ ಏರಿಸ್ತಾ ಹೋದ್ರೆ 3 ಪರ್ಸೆಂಟ್ ತನಕ ವಾಲ್ವಿನ ಸ್ಟೆಮ್ (ಒಳಗಡೆ ಸರಿಯೋ ಕಡ್ಡಿ) ಅಲ್ಲಾಡ್ಲೇ ಇಲ್ಲ, ಆಮೇಲೆ ಒಂದೇ ಸಲ ಜಿಗೀತು. ಈ ಟೆಸ್ಟ್ ಎಲ್ಲಕ್ಕಿಂತ ಮೊದಲು ಮಾಡಿ, ಪಿಐಡಿ (ಕಂಟ್ರೋಲರಿನ ಗೇನ್, ಇಂಟೆಗ್ರಲ್, ಡೆರಿವೇಟಿವ್ ಸೆಟ್ಟಿಂಗ್) ಆಮೇಲೆ ಮುಟ್ಟಿ.

ಬೈಪಾಸ್ ಲೈನಿಗೆ ತಿರುಗಿಸಿ, ವಾಲ್ವ್ ಎರಡೂ ಕಡೆ ಐಸೋಲೇಟ್ ಮಾಡಿ, ಪ್ರೆಶರ್ ಪೂರ್ತಿ ಇಳಿಸಿದ್ಮೇಲೇ ಗ್ಲ್ಯಾಂಡ್ (ಸ್ಟೆಮ್ ಸುತ್ತ ಪ್ಯಾಕಿಂಗ್ ಒತ್ತಿ ಹಿಡಿಯೋ ಭಾಗ) ಬಿಚ್ಚಬೇಕು, ಗ್ಯಾಸ್ ಲೈನು, ಇಲ್ಲಿ ಅವಸರ ಬೇಡವೇ ಬೇಡ. ಸ್ಟೆಮ್ ಹಿಡ್ಕೋತಿದ್ದ ಹಳೇ ಗ್ರ್ಯಾಫೈಟ್ ಪ್ಯಾಕಿಂಗ್ (ಲೀಕ್ ತಡೆಯೋ ಸೀಲು) ತೆಗೆದು, ಸ್ಟೆಮ್ ಒರೆಸಿ, ಟೆಫ್ಲಾನ್ ಪ್ಯಾಕಿಂಗ್ ಹಾಕಿ (ಅಲ್ಲಿ ಗ್ಯಾಸ್ ಬೆಚ್ಚಗಿರುತ್ತೆ, ವಾಲ್ವಿನ ಕೈಪಿಡೀನೂ ಒಪ್ಪುತ್ತೆ), ನಟ್‌ನ ಕೈಪಿಡೀಲಿರೋ ಟಾರ್ಕಿಗಷ್ಟೇ ಬಿಗಿ ಮಾಡಿದ್ವಿ. ಪೊಸಿಶನರ್ (ಸಿಗ್ನಲ್ಲಿಗೆ ತಕ್ಕಷ್ಟು ಸ್ಟೆಮ್ ಸರಿಸೋ ಸಾಧನ) ಆಟೋ ಕ್ಯಾಲಿಬ್ರೇಶನ್, ಆಮೇಲೆ 4, 8, 12, 16, 20 ಮಿಲಿಆಂಪ್ ಕೊಟ್ಟು ಏರಿಕೆ ಇಳಿಕೆ ಎರಡ್ರಲ್ಲೂ ಸ್ಟ್ರೋಕ್ (ಸ್ಟೆಮ್ ಎಷ್ಟು ಸರೀತು ಅಂತ) ನೋಡಿ, ಸೋಪ್ ನೀರಲ್ಲಿ ಲೀಕ್ ಟೆಸ್ಟು. ಕೊನೇಲಿ ಗೇನ್ 0.8, ಇಂಟೆಗ್ರಲ್ 12 ಸೆಕೆಂಡ್, ಡೆರಿವೇಟಿವ್ ಸೊನ್ನೆ. ನಿಮ್ಮ ಲೂಪಿಗೆ ಬೇರೆ ಬರಬಹುದು. ಈಗ 3.97ರಿಂದ 4.03ರ ಒಳಗೇ ನಿಲ್ಲುತ್ತೆ.